ಹತ್ತು ಸಾವಿರದ ಒಂದು ಒಡೆಯುತ್ತದೆಯೇ?

ಶಿಡ್ಲಘಟ್ಟದ ಬೀದಿಯಲ್ಲಿ ಇಂದು ಬೇಯುವ ರೇಷ್ಮೆಗೂಡಿನ ವಾಸನೆ ಮೂಗಿಗೆ ಬಡಿಯಿತು. ಕಣ್ಣೆದುರು 10001 ಬಂದು ನಿಂತಿತು.

ಆಗ ನಾನಿನ್ನೂ ಶಾಲೆಯ ಹುಡುಗಿ. ಅದು ಅವಿಭಾಜ್ಯವೋ ಅಲ್ಲವೋ, ಮರುದಿನ ಮೇಷ್ಟ್ರಿಗೆ ಹೇಳಬೇಕಿತ್ತು. ತಪ್ಪಿದರೆ ಗಣಿತ ಸ್ಪರ್ಧೆಗೆ ನಾನಿಲ್ಲ. ನೂರರವರೆಗೆ ನೋಡಿದರೆ ಸಾಕಿತ್ತು; ಅದರೊಳಗಿನ ಅವಿಭಾಜ್ಯ ಸಂಖ್ಯೆಗಳಿಂದ ಒಂದೊಂದಾಗಿ ಭಾಗಿಸುತ್ತ ಹೋದೆ. ಪ್ರತಿಸಲವೂ ಶೇಷ ಉಳಿಯಿತು. ಎಪ್ಪತ್ತೊಂದೂ ಆಗದಾಗ ಬಳಪ ಎಸೆದೆ.

"ಇದು ಒಡೆಯಲ್ಲಮ್ಮ!"

ಅಮ್ಮ ಕುದಿನೀರಲ್ಲಿ ಗೂಡು ತಿರುವುತ್ತ ಎಳೆಯ ತುದಿ ಹುಡುಕುತ್ತಿದ್ದಳು. "ತುದಿ ಸಿಗ್ಲಿಲ್ಲ ಅಂತ ನಾನು ಗೂಡು ಬಿಸಾಕ್ತೀನೇನೇ? ಇನ್ನೆಷ್ಟು ಉಳ್ದಾವೆ?"

"ಐದು."

"ನೋಡ್ಬಿಟ್ಟು ಅಳು."

ಎಪ್ಪತ್ತಮೂರರಿಂದ ಭಾಗಿಸಿದೆ. ನೂರಮೂವತ್ತೇಳು ಸಲ ಹೋಯಿತು, ಶೇಷ ಸೊನ್ನೆ!

ಅಮ್ಮ ತಲೆ ಎತ್ತದೆ ಕೇಳಿದಳು, "ಸಿಕ್ತಾ?"

ಇಂದು ಆ ಬೀದಿಯ ಬಾಗಿಲೊಂದರಲ್ಲಿ ನಿಂತು, ಗೂಡು ತಿರುವುತ್ತಿದ್ದ ಅಪರಿಚಿತ ಹೆಂಗಸನ್ನು ಕೇಳಿಯೇಬಿಟ್ಟೆ: "ತುದಿ ಸಿಕ್ತೇನಮ್ಮ?"

"ಸಿಗುತ್ತೆ ಬಿಡಮ್ಮ," ಎಂದಳು, ತಲೆ ಎತ್ತದೆ.