ತಮ್ಮ ಬರುವವರೆಗಿನ ಉಪವಾಸ

“ಎಷ್ಟು ಹೊತ್ತು ಉಪವಾಸ ಇರ್ತೀರ ಅಜ್ಜಿ?” ಎಂದು ಆಸ್ಪತ್ರೆಯ ಡಯಟಿಷಿಯನ್ ಹುಡುಗಿ ಕೇಳಿದಳು.

“ನನ್ ತಮ್ಮ ಬರೋ ತನಕ,” ಎಂದೆ.

ಬರೆಯುತ್ತಿದ್ದವಳು ಪೆನ್ನು ಕೆಳಗಿಟ್ಟಳು. “ತಮ್ಮ ಎಷ್ಟೊತ್ತಿಗೆ ಬರ್ತಾರೆ?”

ನನಗೆ ನಗು ತಡೆಯಲಾಗಲಿಲ್ಲ. ಪಕ್ಕದಲ್ಲಿ ಕೂತಿದ್ದ ಸೊಸೆ ಸವಿತಳೂ ಸೆರಗು ಬಾಯಿಗೆ ಇಟ್ಟುಕೊಂಡಳು. ನನ್ನ ತಮ್ಮ ಎಷ್ಟೊತ್ತಿಗೆ ಬರುತ್ತಾನೆ ಎಂಬ ಪ್ರಶ್ನೆಗೆ ಅವನನ್ನು ಹೆತ್ತವಳೂ ಉತ್ತರ ಕಂಡುಕೊಳ್ಳದೆ ಹೋದಳು.

ನನ್ನ ಹೊಟ್ಟೆಯ ಕಥೆ ನಿಮಗೆ ಗೊತ್ತೇ ಇದೆ. ಗೊತ್ತಿಲ್ಲದವರಿಗೆ ಇನ್ನೊಂದು ಸಲ ಹೇಳುತ್ತೇನೆ, ನನಗೇನು ನಾಚಿಕೆಯಿಲ್ಲ. ಹೋದ ವರ್ಷದ ಸಂಕ್ರಾಂತಿ ಆದ ಮೇಲೆ ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡೆ. ಆಗ ನೂರು ಕೆಜಿ ದಾಟಿದ್ದೆ. ಮಂಡಿ ಎರಡೂ ಕೈಕೊಟ್ಟಿದ್ದವು, ಸಕ್ಕರೆ ಕಾಯಿಲೆಗೆ ದಿನಾ ಸೂಜಿ ಚುಚ್ಚಿಕೊಳ್ಳುತ್ತಿದ್ದೆ. ಮುಕ್ಕಾಲು ಹೊಟ್ಟೆ ಕತ್ತರಿಸಿ ತೆಗೆದರು. ಉಳಿದದ್ದು ಒಂದು ಬಾಳೆಹಣ್ಣಿನಷ್ಟು. ಈ ವಯಸ್ಸಿನಲ್ಲಿ ಸಣ್ಣಗಾಗಿ ಯಾರಿಗೆ ತೋರಿಸಬೇಕು ಎಂದು ಊರಿನವರು ಕೇಳಿದರು. ಯಾರಿಗೂ ತೋರಿಸೋಕಲ್ಲ, ಬಸ್ ಹತ್ತೋಕೆ ಎಂದೆ. ಈಗ ಹತ್ತುತ್ತೇನೆ. ಯಾರ ಕೈಯನ್ನೂ ಹಿಡಿಯದೆ ಇಳಿಯುತ್ತೇನೆ. ಸೂಜಿಯೂ ನಿಂತಿದೆ.

ಹೊಟ್ಟೆ ಮಾತ್ರ ಹೊಸದು. ಉಳಿದದ್ದೆಲ್ಲ ಹಳೆಯದೇ. ಹಠವೂ ಸೇರಿ.

ಈ ಸಲದ ಹಠ ನಾಗರ ಚೌತಿಯದು. ನಮ್ಮ ಕಡೆ ಚೌತಿಯ ದಿನ ಹೆಂಗಸರು ಹುತ್ತಕ್ಕೆ ಹಾಲಿನ ತನಿ ಎರೆಯುತ್ತೇವೆ. ಆಮೇಲೆ ಅಣ್ಣನನ್ನೋ ತಮ್ಮನನ್ನೋ ಕೂರಿಸಿಕೊಂಡು, ಹೂವನ್ನು ಹಾಲಲ್ಲಿ ಅದ್ದಿ ಅವನ ಹೊಕ್ಕುಳಿಗೂ ಬೆನ್ನಿಗೂ ಮುಟ್ಟಿಸುತ್ತೇವೆ. ಹುಟ್ಟಿದ ಹೊಟ್ಟೆ ತಣ್ಣಗಿರಲಿ, ಬೆನ್ನಲ್ಲಿ ಬಿದ್ದವನು ತಣ್ಣಗಿರಲಿ ಎನ್ನುತ್ತೇವೆ. ಇದಕ್ಕೆ ಬೆನ್ನು ತೊಳೆಯುವುದು ಎಂದು ಹೆಸರು. ಬೆನ್ನು ತೊಳೆಯುವ ತನಕ ಬಾಯಿಗೆ ಒಂದು ಹನಿ ನೀರೂ ಬೀಳಬಾರದು. ನಮ್ಮವ್ವ ಹೀಗೇ ಮಾಡಿದಳು. ಅವಳನ್ನು ನೋಡಿ ನಾನೂ ಮಾಡಿದೆ.

ಆದರೆ ಅವ್ವನ ಅಣ್ಣಂದಿರು ಅದೇ ಊರಿನಲ್ಲಿದ್ದರು. ಕೂಗಿದರೆ ಬರುತ್ತಿದ್ದರು. ನನ್ನ ತಮ್ಮ ಮುನಿರಾಜ ಇರುವುದು ಹೊಸಕೋಟೆಯಲ್ಲಿ, ಸೊಪ್ಪಿನ ವ್ಯಾಪಾರ. ನಾನಿರುವುದು ನೆಲಮಂಗಲದ ಪಕ್ಕ, ಅರಿಶಿನಕುಂಟೆಯಲ್ಲಿ. ನಡುವೆ ಇಡೀ ಬೆಂಗಳೂರಿದೆ.

ಬೆಂಗಳೂರು ಇಲ್ಲದಿದ್ದರೂ ಅವನು ತಡವಾಗಿಯೇ ಬರುತ್ತಿದ್ದ. ದಿನ ತುಂಬಿದ ಮೇಲೂ ಅವ್ವನನ್ನು ಕಾಯಿಸಿ ಹುಟ್ಟಿದವನು ಅವನು. ತನ್ನ ಮದುವೆಯ ಮುಹೂರ್ತಕ್ಕೂ ತಡವಾಗಿ ಬಂದ. ಐನೋರು ಛತ್ರದಲ್ಲೇ ಪಂಚಾಂಗ ಬಿಚ್ಚಿ ಇನ್ನೊಂದು ಮುಹೂರ್ತ ಹುಡುಕಬೇಕಾಯಿತು. (ಆ ಮುಹೂರ್ತ ಚೆನ್ನಾಗಿಯೇ ಇದ್ದಿರಬೇಕು. ಹೆಂಡತಿ ಇನ್ನೂ ಅವನ ಜೊತೆಗಿದ್ದಾಳೆ.) ಚೌತಿಗೆ ಅವನು ಬರುವುದು ಮಧ್ಯಾಹ್ನದ ಮೇಲೆ. ಒಂದು ವರ್ಷ ದೀಪ ಹಚ್ಚುವ ಹೊತ್ತಾಗಿತ್ತು. ಲೋಡು ಲೇಟು, ಟಿನ್ ಫ್ಯಾಕ್ಟರಿ ಹತ್ತಿರ ಜಾಮು, ಹೆಬ್ಬಾಳದಲ್ಲಿ ಜಾಮು. ದಾರಿಯಲ್ಲಿ ನಿಲ್ಲಿಸಿ ಇಡ್ಲಿ ತಿಂದದ್ದನ್ನು ಮಾತ್ರ ಹೇಳುವುದಿಲ್ಲ. ಮೀಸೆಯಲ್ಲಿ ಚಟ್ನಿ ನೋಡಿ ನಾನೇ ತಿಳಿದುಕೊಳ್ಳಬೇಕು.

ಅಷ್ಟು ಹೊತ್ತೂ ನಾನು ನಾಲಗೆ ಒಣಗಿಸಿಕೊಂಡು ಕೂತಿರುತ್ತಿದ್ದೆ. ಹಳೆಯ ಹೊಟ್ಟೆ ತಡೆದುಕೊಂಡಿತು. ಒಳಗೆ ಗೋದಾಮು ಇತ್ತಲ್ಲ.

ಹೋದ ವರ್ಷ ಆಪರೇಷನ್ ಹಸಿಯಾಗಿತ್ತು, ಉಪವಾಸದ ಮಾತೇ ಎತ್ತಬೇಡಿ ಎಂದು ಡಾಕ್ಟರು ಹೇಳಿದರು. ಎತ್ತಲಿಲ್ಲ. ಬೆನ್ನನ್ನೂ ತೊಳೆಯಲಿಲ್ಲ. ಅದಾಗಿ ಸ್ವಲ್ಪ ದಿನಕ್ಕೆ ಮುನಿರಾಜ ಸ್ಕೂಟರಿನಿಂದ ಬಿದ್ದು ಭುಜದ ಮೂಳೆ ಮುರಿದುಕೊಂಡ. ಅಕ್ಕ ಚೌತಿ ಬಿಟ್ಟಳು, ತಮ್ಮ ಬಿದ್ದ ಎಂದು ಊರು ಹೇಳಿತು. ರಸ್ತೆಯಲ್ಲಿ ಗುಂಡಿ ಇತ್ತು, ಅದಕ್ಕೆ ಬಿದ್ದ ಎಂದು ನಾನು ಹೇಳಿದೆ. ಈಗಲೂ ಅದನ್ನೇ ಹೇಳುತ್ತೇನೆ. ಆದರೂ ಒಳಗೆ ಒಂದು ಮುಳ್ಳು ಉಳಿಯಿತು. ಐದು ಜನ ಹುಟ್ಟಿದವರಲ್ಲಿ ಈಗ ಇರುವುದು ನಾವಿಬ್ಬರೇ. ಈ ಸಲ ಚೌತಿ ಬಿಡಬಾರದು, ಆಸ್ಪತ್ರೆಯನ್ನೂ ಸೇರಬಾರದು. ಎರಡೂ ಆಗುತ್ತದೆಯೋ ಇಲ್ಲವೋ ಕೇಳೋಣ ಎಂದೇ ಹೋಗಿದ್ದೆ.

ಆಗುತ್ತದೆ ಎಂದಳು ಆ ಹುಡುಗಿ. ಡಾಕ್ಟರನ್ನೂ ಒಂದು ಮಾತು ಕೇಳಿಕೊಂಡು ಬಂದು ಕೂತಳು. ನೀರು ಬಿಡುವ ಹಾಗಿಲ್ಲ, ಎದ್ದಾಗಿನಿಂದ ಗುಟುಕು ಗುಟುಕಾಗಿ ಕುಡಿಯುತ್ತಲೇ ಇರಬೇಕು. ಮಾತ್ರೆ ತಪ್ಪಿಸುವ ಹಾಗಿಲ್ಲ. ಬೆಳಗ್ಗೆ ಎಂಟು ಗಂಟೆಗೆ ಬಾಯಿಗೆ ಆಹಾರ ಬೀಳಲೇಬೇಕು, ಅದೂ ಮೆತ್ತಗೆ ಬೆಂದ ಬೇಳೆ, ಮೊಸರು, ಆ ಥರದ್ದು. ಖಾಲಿ ಹೊಟ್ಟೆಗೆ ಹಬ್ಬದ ತಂಬಿಟ್ಟು, ಎಳ್ಳಿನ ಚಿಗಳಿ ಹಾಕಿದರೆ ಬೆಲ್ಲ ಸರ್ರನೆ ಕೆಳಗಿಳಿದು ಬೆವರು, ನಡುಕ, ಎದೆ ಡವಡವ. ತಲೆ ತಿರುಗಿದರೆ ದೇವರು ಎದುರಿಗಿದ್ದರೂ ಅಲ್ಲೇ ಉಪವಾಸ ಬಿಡಬೇಕು.

(ನಿಮ್ಮಲ್ಲಿ ಯಾರಾದರೂ ಇಂಥ ಆಪರೇಷನ್ ಮಾಡಿಸಿಕೊಂಡಿದ್ದರೆ ಇದನ್ನು ಕತ್ತರಿಸಿ ಗೋಡೆಗೆ ಅಂಟಿಸಬೇಡಿ. ನಿಮ್ಮ ಹೊಟ್ಟೆ ನನ್ನದಲ್ಲ. ನಿಮ್ಮ ಡಾಕ್ಟರನ್ನು ಕೇಳಿ.)

ಎದ್ದಾಗಿನಿಂದ ಎಂಟರವರೆಗೆ, ಅದೂ ನೀರು ಕುಡಿದುಕೊಂಡು. ಇದೂ ಒಂದು ಉಪವಾಸವೇ ಎಂದು ನೀವು ನಗಬಹುದು. ಕಾಲು ಹೊಟ್ಟೆಯವಳಿಗೆ ಕಾಲು ಉಪವಾಸ. ಇನ್ನು ನೀರಿನ ಮಾತು. ತನಿ ಎಂದರೆ ತಂಪು. ಹುತ್ತಕ್ಕೆ ತಂಪು ಎರೆಯುವವಳ ಗಂಟಲು ಒಣಗಿರಬೇಕು ಎಂದು ಯಾವ ನಾಗಪ್ಪ ಹೇಳಿದ್ದಾನೆ?

“ಎಲ್ಲಾ ಸರಿ,” ಎಂದೆ. “ಎಂಟಕ್ಕೆ ಅವನು ಬರಬೇಕಲ್ಲಮ್ಮ.”

“ನಂಬರ್ ಕೊಡಿ,” ಎಂದಳು.

ಅಲ್ಲೇ, ನನ್ನ ಎದುರಿಗೇ ಹೊಸಕೋಟೆಗೆ ಫೋನು ಹಚ್ಚಿ ಸ್ಪೀಕರ್ ಹಾಕಿದಳು. ಮುನಿರಾಜ ಎಲ್ಲವನ್ನೂ ಕೇಳಿಸಿಕೊಂಡ. ಹಬ್ಬದ ಮಾರ್ಕೆಟ್ಟು ಹೇಗಿರುತ್ತದೆ ಎಂದು ವಿವರಿಸಿದ. ಆಮೇಲೆ ನನಗೊಂದು ಉಪಾಯ ಹೇಳಿದ. ಘಾಟಿ ಸುಬ್ರಹ್ಮಣ್ಯಕ್ಕೆ ಹೋಗಿ ತಪ್ಪು ಕಾಣಿಕೆ ಹಾಕಿಬಿಡಬೇಕಂತೆ, ಬೇಕಾದರೆ ತಾನೇ ಕರೆದುಕೊಂಡು ಹೋಗುತ್ತಾನಂತೆ, ಆಮೇಲೆ ನಾನು ಆರಾಮಾಗಿ ತಿಂದುಕೊಂಡು ಇರಬಹುದಂತೆ. ನೋಡಿ, ದೇವರಿಗೆ ದಂಡ ಕಟ್ಟಿಸಲು ತಯಾರು. ಬೇಗ ಏಳುವುದಕ್ಕೆ ತಯಾರಿಲ್ಲ.

“ನಾಗಪ್ಪ ಏನೂ ಅನ್ಕೊಳಲ್ಲ ಕಣಕ್ಕ,” ಎಂದ.

“ಅವ್ನು ಅನ್ಕೊಳಲ್ಲ ಕಣೋ. ನಾನು ಅನ್ಕೊತೀನಿ.”

ಹುಡುಗಿ ಬಲು ಮರ್ಯಾದೆಯಿಂದ ಹೇಳಿದಳು: “ಸಾರ್, ಅಜ್ಜಿಗೆ ಎಂಟು ಗಂಟೆವರೆಗೆ ಮಾತ್ರ ಪರ್ಮಿಷನ್. ನೀವು ಬಂದ್ರೂ ತಿಂತಾರೆ, ಬರ್ದೆ ಇದ್ರೂ ತಿಂತಾರೆ.” ಫೋನು ಇಟ್ಟವಳು ನನ್ನ ಚೀಟಿಯಲ್ಲಿ ಮಾತ್ರೆಗಳ ಕೆಳಗೆ ಇನ್ನೊಂದು ಸಾಲು ಸೇರಿಸಿದಳು. ಸವಿತ ಓದಿ ಹೇಳಿದಳು. ತಮ್ಮ, ಬೆಳಗ್ಗೆ, ಊಟಕ್ಕೆ ಮುಂಚೆ.

ಚೌತಿ ಬಂತು. ಎದ್ದು ಸ್ನಾನ ಮಾಡಿ ನೀರಿನ ಬಾಟಲು ಸೊಂಟಕ್ಕೆ ಸಿಕ್ಕಿಸಿಕೊಂಡು, ತಮ್ಮ ಬಂದ ಮೇಲೆ ಜೊತೆಗೇ ಹುತ್ತಕ್ಕೆ ಹೋಗೋಣ ಎಂದು ಜಗುಲಿಯ ಮೇಲೆ ಕೂತೆ. ಬೀದಿಯ ಹೆಂಗಸರು ಹಾಲು, ಹೂವು ಹಿಡಿದು ಹುತ್ತದ ಕಡೆ ಹೊರಟಿದ್ದರು. ಎದುರು ಮನೆಯ ಗೌರಮ್ಮ ನಿಂತು ನೋಡಿದಳು.

“ನೀರು ಕುಡ್ಕೊಂಡು ಉಪವಾಸ ಇರೋದು ಯಾವೂರ ಪದ್ಧತಿ ಚನ್ನಕ್ಕ?”

“ಹೊಟ್ಟೆ ಕುಯ್ಸ್ಕೊಂಡೋರ ಊರಿಂದು. ನೀನೂ ಬರ್ತೀಯ?”

ಅವಳು ನಗುತ್ತಾ ಹೋದಳು. ನಾನು ರಸ್ತೆ ನೋಡಿದೆ. ಹಾಲಿನ ಗಾಡಿ ಹೋಯಿತು, ಫ್ಯಾಕ್ಟರಿ ಬಸ್ಸು ಹೋಯಿತು, ಮುನಿರಾಜನ ಸುಳಿವಿಲ್ಲ. ಫೋನು ಮಾಡಿದರೆ ಸ್ವಿಚ್ ಆಫ್. ಸವಿತ ಬೆಂದ ಹೆಸರುಬೇಳೆಯ ಬಟ್ಟಲು, ಚಮಚ ತಂದು ಪಕ್ಕದಲ್ಲಿಟ್ಟು ಗಡಿಯಾರ ಕಾಣುವ ಹಾಗೆ ಬಾಗಿಲಲ್ಲಿ ನಿಂತಳು. “ಅತ್ತೆ, ಎಂಟು ಅಂದ್ರೆ ಎಂಟೇ,” ಎಂದಳು. ನನ್ನ ಗಂಡನೂ ನನಗೆ ಆ ದನಿಯಲ್ಲಿ ಹೇಳಿದ್ದಿಲ್ಲ.

ಅವಳು ಹೇಳಬೇಕಾಗಿಯೂ ಇರಲಿಲ್ಲ. ಎಂಟಾದರೆ ತಿನ್ನುವುದೇ ಎಂದು ತೀರ್ಮಾನಿಸಿದ್ದೆ. ತಮ್ಮನ ಮೇಲೆ ಪ್ರೀತಿಯಿದೆ, ಡ್ರಿಪ್ ಹಾಕಿಸಿಕೊಳ್ಳುವಷ್ಟಿಲ್ಲ. ಆದರೆ ಬಟ್ಟಲು ನೋಡಿದಾಗಲೆಲ್ಲ ಆ ಮುಳ್ಳು ಚುಚ್ಚುತ್ತಿತ್ತು. ಈ ವರ್ಷವೂ ಅವನ ಬೆನ್ನು ಒಣಗಿಯೇ ಉಳಿಯುತ್ತದಲ್ಲ ಎನಿಸಿತು. ಅವನನ್ನು ಬೈಯುವುದಕ್ಕೆ ಒಳ್ಳೊಳ್ಳೆಯ ಮಾತುಗಳನ್ನು ಜೋಡಿಸಿಕೊಳ್ಳತೊಡಗಿದೆ.

ಅಷ್ಟರಲ್ಲಿ ಗೌರಮ್ಮ ಖಾಲಿ ಹಾಲಿನ ಚೊಂಬು ಹಿಡಿದು ಬಿರುಸಾಗಿ ವಾಪಸ್ಸು ಬಂದಳು.

“ಇಲ್ಲೇನ್ ಮಾಡ್ತಿದ್ದೀಯ ಚನ್ನಕ್ಕ? ನಿನ್ ತಮ್ಮ ಹುತ್ತದ ತಾವ ತೂಕಡಿಸ್ಕೊಂಡು ಕೂತವ್ನೆ.”

ನಾನು ಓಡಿದೆ. ಹೌದು, ಓಡಿದೆ. ಹೋದ ವರ್ಷದ ಸಂಕ್ರಾಂತಿಗೆ ಕುರ್ಚಿಯಿಂದ ಏಳಿಸಲು ಇಬ್ಬರು ಬೇಕಿದ್ದವಳು, ಸೀರೆ ಎತ್ತಿ ಕಟ್ಟಿ, ಹಾಲಿನ ಚೊಂಬು ಹಿಡಿದು ಬೀದಿಯಲ್ಲಿ ಓಡಿದೆ. ಹಿಂದೆ ಸವಿತ ಹೆಸರುಬೇಳೆ ಹಿಡಿದು ಓಡಿದಳು.

ಮುನಿರಾಜ ಅರಳಿಕಟ್ಟೆಯ ಮೇಲೆ, ನಾಗರಕಲ್ಲುಗಳ ಪಕ್ಕದಲ್ಲಿ ಕೂತಿದ್ದ. ಕತ್ತಲು ಹರಿಯುವ ಮುಂಚೆಯೇ ಬಂದುಬಿಟ್ಟಿದ್ದನಂತೆ. ಈ ಕಡೆ ಬರುವ ಸೊಪ್ಪಿನ ಟೆಂಪೋ ಹತ್ತಿ ಹೈವೇಯಲ್ಲಿ ಇಳಿದಿದ್ದ. ಮನೆಯಲ್ಲಿ ಎದ್ದಿರುತ್ತಾರೋ ಇಲ್ಲವೋ ಗೊತ್ತಾಗಲಿಲ್ಲ. ಪಾಪ, ಹೇಗೆ ಗೊತ್ತಾಗಬೇಕು? ಬೆಳಗಿನ ಹೊತ್ತು ಅವನು ನಮ್ಮ ಮನೆಯನ್ನು ನೋಡಿಯೇ ಇಲ್ಲ. ಹೇಗೂ ತನಿ ಎರೆಯುವುದು ಇಲ್ಲೇ, ಅಕ್ಕ ಇಲ್ಲಿಗೇ ಬರುತ್ತಾಳೆ ಎಂದು ಕೂತಿದ್ದ. ಫೋನಿನ ಚಾರ್ಜು ಮುಗಿದಿತ್ತು.

“ಇಷ್ಟೊತ್ತಾ ಅಕ್ಕ ಬರೋದು?” ಎಂದ. ಸಿಟ್ಟು ಬಂದಿತ್ತು ಅವನಿಗೆ. “ಕಾದು ಕಾದು ಸಾಕಾಯ್ತು. ಟೀ ಕೂಡ ಕುಡ್ದಿಲ್ಲ. ನಾಲ್ಗೆ ಒಣಗೋಗೈತೆ.”

ಮೀಸೆ ನೋಡಿದೆ. ಚಟ್ನಿ ಇರಲಿಲ್ಲ.

“ಕಾಯೋದು ಅಂದ್ರೆ ಏನು ಅಂತ ಗೊತ್ತಾಯ್ತಾ?” ಎಂದೆ.

“ಆಯ್ತು ತಗೋ,” ಎಂದ.

ಜೋಡಿಸಿಟ್ಟುಕೊಂಡಿದ್ದ ಬೈಗುಳವೆಲ್ಲ ವ್ಯರ್ಥವಾಯಿತು. ಹುತ್ತಕ್ಕೆ ಹಾಲೆರೆದೆ. ಅಂಗಿ ಬಿಚ್ಚಿಸಿ ಕೂರಿಸಿದೆ. ಬೆನ್ನಿನ ಮೇಲೆ ಒಂದು ಕೊತ್ತಂಬರಿ ಎಲೆ ಅಂಟಿಕೊಂಡಿತ್ತು. ಅದನ್ನು ಕಿತ್ತು ಹಾಕಿ ಹೂವಿನಿಂದ ಹಾಲು ಮುಟ್ಟಿಸಿದೆ. ಮುರಿದು ಕೂಡಿದ ಭುಜಕ್ಕೂ ಎರಡು ಹನಿ ಹೆಚ್ಚಾಗಿ ಹಾಕಿದೆ. (ಗುಂಡಿಯ ಪಾಲಿನದು.) ಹೊಕ್ಕುಳಿಗೆ ಹಾಲು ಸೋಕಿದಾಗ ಅವನು ಸಣ್ಣ ಮಕ್ಕಳ ಹಾಗೆ ಹೊಟ್ಟೆ ಒಳಗೆ ಎಳೆದುಕೊಂಡ.

“ಆಪ್ರೇಷನ್ ಆಗಿರೋದು ನಿನ್ ಹೊಟ್ಟೆಗೆ, ಹಾಲು ನನ್ ಹೊಟ್ಟೆಗಾ?” ಎಂದ.

ಕಟ್ಟೆಯ ಸುತ್ತ ಇದ್ದ ಹೆಂಗಸರೆಲ್ಲ ನಕ್ಕರು. ಎಂಟು ಆಗುವ ಹೊತ್ತಿಗೆ ಸರಿಯಾಗಿ ಸವಿತ ಚಮಚ ನನ್ನ ಕೈಗಿಟ್ಟಳು. ಅಲ್ಲೇ ಕಟ್ಟೆಯ ಮೇಲೆ ಕೂತು ಹೆಸರುಬೇಳೆ ತಿಂದೆ, ನಿಧಾನಕ್ಕೆ, ಅಗಿದು ಅಗಿದು. ಅಷ್ಟು ರುಚಿಯಾದ ಸಪ್ಪೆ ಬೇಳೆಯನ್ನು ನಾನು ತಿಂದಿಲ್ಲ. ನನ್ನ ಪಾಲಿನ ತಂಬಿಟ್ಟು, ಚಿಗಳಿ ಎರಡನ್ನೂ ಮುನಿರಾಜ ಮುಗಿಸಿದ. ಆಮೇಲೆ ಜೇಬಿನಿಂದ ರವಿಕೆ ಬಟ್ಟೆ ತೆಗೆದು ಕೊಟ್ಟ. ಹಳೆಯ ಅಳತೆಯಲ್ಲೇ ತಂದಿದ್ದ. ಅದರಲ್ಲೀಗ ನನಗೆ ಒಂದು, ಸವಿತಳಿಗೆ ಒಂದು ಆಗುತ್ತದೆ.

ನಿಜವಾದ ಹಬ್ಬ ಶುರುವಾದದ್ದು ಆಮೇಲೆ. ಗೌರಮ್ಮ ನನ್ನ ಬಟ್ಟಲು ನೋಡಿದಳು, ತಮ್ಮನನ್ನು ನೋಡಿದಳು, ಸೊಂಟದಿಂದ ಮೊಬೈಲು ತೆಗೆದು ದೊಡ್ಡಬಳ್ಳಾಪುರದಲ್ಲಿರುವ ತನ್ನ ತಮ್ಮನಿಗೆ ಹಚ್ಚಿದಳು.

“ಲೋ, ಎಲ್ಲಿದ್ದೀಯ? ಇನ್ನೂ ಹಾಸಿಗೇಲಾ? ಚನ್ನಕ್ಕನ ತಮ್ಮ ಕೋಳಿ ಕೂಗೋಕ್ ಮುಂಚೆ ಬಂದು ಕೂತವ್ನೆ. ನೀನು ಬರ್ಬೇಕು ಅಂದ್ರೆ ನಾನೂ ಹೊಟ್ಟೆ ಕುಯ್ಸ್ಕೊಬೇಕಾ?”

ಅವಳನ್ನು ನೋಡಿ ಇನ್ನೊಬ್ಬಳು ಫೋನು ತೆಗೆದಳು, ಮತ್ತೊಬ್ಬಳು ತೆಗೆದಳು. ಅರಳಿಕಟ್ಟೆಯ ಸುತ್ತ ಒಂದೇ ಗದ್ದಲ. ಮಧ್ಯಾಹ್ನದ ಹೊತ್ತಿಗೆ ಬರುವ ಬೈಕುಗಳು ಆವತ್ತು ಬಿಸಿಲೇರುವ ಮುಂಚೆಯೇ ಬಂದು ಸಾಲಾಗಿ ನಿಂತವು. ತಲೆ ಬಾಚದವರು, ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡವರು, ಎಲ್ಲರೂ ಬೆನ್ನು ಕೊಟ್ಟು ಕೂತರು. ನಮ್ಮ ಬೀದಿಯ ಹೆಂಗಸರು ಚೌತಿಯ ದಿನ ಹೊತ್ತಿಗೆ ಸರಿಯಾಗಿ ಉಂಡು ಮಲಗಿದ್ದನ್ನು ನಾನು ನೋಡಿದ್ದು ಇದೇ ಮೊದಲು.

ಹಾಗಾದರೆ ನಾವು ಇಷ್ಟು ವರ್ಷ ಕೂತದ್ದು ಯಾವ ಉಪವಾಸ? ಗಂಡ ಬರಲಿ ಎಂದು ಉಣ್ಣದೆ ಕೂರುತ್ತೇವೆ, ಮಗ ಬರಲಿ ಎಂದು ಕೂರುತ್ತೇವೆ, ಬೀಗರು ಬರಲಿ ಎಂದು ಕೂರುತ್ತೇವೆ. ಅದಕ್ಕೆಲ್ಲ ವ್ರತ ಎಂದು ಹೆಸರಿಟ್ಟು ದೇವರ ತಲೆಗೆ ಕಟ್ಟುತ್ತೇವೆ.

ನಾಗಪ್ಪ ಬೆಳಗಿನಿಂದಲೂ ಹುತ್ತದಲ್ಲೇ ಇದ್ದ. ಇಷ್ಟು ವರ್ಷ ತಡ ಮಾಡಿದವರು ಯಾರು?