ಯಂತ್ರದ ಬೆನ್ನಿಗೆ ಹಾಕಿದ ಸೆನ್ಸರ್

ಚಿತ್ರದುರ್ಗದ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ಎ.ಸಿ. ಮೆಕ್ಯಾನಿಕ್. ಊರು ಹೊಸದುರ್ಗದ ಕಡೆಯ ಶ್ರೀರಾಂಪುರ. ಕೆಲವು ವರ್ಷಗಳ ಹಿಂದೆ ಆಸ್ಪತ್ರೆಯವರು ಹಳೆಯ ಎ.ಸಿ.ಗಳನ್ನು ಕಿತ್ತುಹಾಕಿಸಿ ಹೊಸದೊಂದು ವ್ಯವಸ್ಥೆ ತರಿಸಿದರು. ಕೋಣೆಗೊಂದು ಸೆನ್ಸರ್, ಎಲ್ಲಕ್ಕೂ ಸೇರಿ ಒಂದು ಕಂಪ್ಯೂಟರ್. ಹೊರಗೆ ಬಿಸಿಲೆಷ್ಟು, ಒಳಗೆ ಸೆಖೆಯೆಷ್ಟು, ಯಾವ ಹೊತ್ತಿಗೆ ಯಾವ ಕೋಣೆ ಕಾಯುತ್ತದೆ ಎಂಬುದನ್ನು ಅದು ದಿನದಿನಕ್ಕೂ ಕಲಿತುಕೊಂಡು ತಂಪನ್ನು ತಾನೇ ಹೆಚ್ಚುಕಡಿಮೆ ಮಾಡುತ್ತದೆ ಎಂದರು. ಜನಕ್ಕೂ ಹಿತ, ಕರೆಂಟೂ ಉಳಿತಾಯ. ಕೇಳಿ ನನಗೂ ಖುಷಿಯಾಗಿತ್ತು, ಸುಳ್ಳೇಕೆ ಹೇಳಲಿ. ಖಾಲಿ ಕೋಣೆಗಳಲ್ಲಿ ದಿನವಿಡೀ ಎ.ಸಿ. ಓಡುವುದನ್ನು ನೋಡಿ ಹೊಟ್ಟೆ ಉರಿಸಿಕೊಂಡವನು ನಾನು.

ಡಯಾಲಿಸಿಸ್ ಕೋಣೆಯಲ್ಲಿ ಆರು ಹಾಸಿಗೆಗಳಿದ್ದವು. ಕಂಪನಿಯವರು ಕಳಿಸಿದ ನಕ್ಷೆಯಲ್ಲಿ ಸೆನ್ಸರಿನ ಜಾಗವನ್ನು ಯಂತ್ರಗಳ ಹಿಂದಿನ ಗೋಡೆಯ ಮೇಲೆ ತೋರಿಸಿದ್ದರು. ಆ ಯಂತ್ರಗಳು ಬೆನ್ನಿನಿಂದ ಬಿಸಿಗಾಳಿ ಬಿಡುತ್ತವೆ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅಲ್ಲಿಯೇ ಬಿಗಿದೆ. ವೈರು ಅಲ್ಲಿಯವರೆಗೆ ಮಾತ್ರ ಬಂದಿತ್ತು, ಸಂಜೆಯೊಳಗೆ ಕೆಲಸ ಮುಗಿಯಬೇಕಿತ್ತು. ಇಷ್ಟೇ ಕಾರಣ.

ವಾರದೊಳಗೆ ಆ ಕೋಣೆಯಲ್ಲಿ ನಡುಕ ಶುರುವಾಯಿತು. ಬಿಸಿಗಾಳಿ ತಾಗಿದ ಸೆನ್ಸರ್ ಕೋಣೆಯೆಲ್ಲ ಕಾದಿದೆ ಎಂದು ತಿಳಿಯುತ್ತಿತ್ತು, ಕಂಪ್ಯೂಟರ್ ತಣ್ಣನೆಯ ಗಾಳಿಯನ್ನು ಸುರಿಯುತ್ತಿತ್ತು. ಡಯಾಲಿಸಿಸ್‌ಗೆ ಬಂದವರು ನಾಲ್ಕು ಗಂಟೆ ಅಲ್ಲಾಡದೆ ಮಲಗಬೇಕು. ಮೈಯ ರಕ್ತ ಹೊರಗೆ ಹೋಗಿ ಬರುವಾಗ ಬೇಸಿಗೆಯಲ್ಲೂ ಅವರಿಗೆ ಚಳಿಯೇ.

ಅವರಲ್ಲಿ ಒಬ್ಬರು ಹಿರಿಯೂರಿನ ಹತ್ತಿರದ ಹರಿಯಬ್ಬೆಯವರು. ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದ ಹೆಂಗಸು, ವಾರಕ್ಕೆ ಮೂರು ಸಲ ಬಸ್ಸಿನಲ್ಲಿ ಬರುತ್ತಿದ್ದರು. ನಾನು ಅವರನ್ನು ಅಕ್ಕಾ ಎನ್ನುತ್ತಿದ್ದೆ.

“ಏನಪ್ಪ, ಈ ಗಾಳೀನ ನನ್ ಮ್ಯಾಲೇ ಯಾಕ್ ಬಿಡ್ತೀಯ? ನಾನೇನು ಕೆಟ್ಟೋಗೋ ಹಾಲಾ?” ಎಂದರು ಒಂದು ದಿನ.

“ನನ್ ಕೈಯಾಗಿಲ್ಲ ಅಕ್ಕಾ. ಕಂಪ್ಯೂಟರ್ ನೋಡ್ಕಂತೈತೆ.”

“ಅದ್ಕೆ ಚಳಿ ಆಗ್ತೈತಾ?”

ಗೋಡೆಯ ಮೇಲಿದ್ದ ತಂಪು ಹೆಚ್ಚುಕಡಿಮೆ ಮಾಡುವ ಹಳೆಯ ಗುಂಡಿಗಳನ್ನು ಯಾರೂ ಮುಟ್ಟಬಾರದೆಂದು ತೆಗೆಸಿಬಿಟ್ಟಿದ್ದರು. ಕಂಪನಿಯ ಎಂಜಿನಿಯರ್‌ಗೆ ಫೋನ್ ಮಾಡಿದೆ.

“ಆ ರೂಮು ಚೆನ್ನಾಗಿದೆಯಲ್ಲ,” ಎಂದ ಆತ. “ಇಪ್ಪತ್ನಾಲ್ಕು ಡಿಗ್ರಿಗೆ ಗೆರೆ ನೆಟ್ಟಗೆ ನಿಂತಿದೆ, ಇಲ್ಲೇ ನನ್ನ ಸ್ಕ್ರೀನ್ ಮೇಲೆ ಕಾಣ್ತಿದೆ.”

“ಇಪ್ಪತ್ನಾಲ್ಕು ಇರೋದು ಮಿಷನ್ ಹಿಂದೆ ಕಣ್ರಿ. ಮಲಗಿರೋರ ತಲೆ ಹತ್ರ ಇಪ್ಪತ್ತೂ ಇಲ್ಲ.”

“ಪೇಷಂಟ್‌ಗಳು ಸ್ವಲ್ಪ ದಿನ ಅಡ್ಜಸ್ಟ್ ಮಾಡ್ಕೊಳ್ಳಲಿ. ಸಿಸ್ಟಂ ಇನ್ನೂ ಕಲೀತಿದೆ.”

ಜನಕ್ಕೆ ಹೊಂದಿಕೊಳ್ಳಲಿ ಎಂದು ತಂದ ಯಂತ್ರ ಅದು. ಈಗ ಜನವೇ ಅದಕ್ಕೆ ಹೊಂದಿಕೊಳ್ಳಬೇಕಂತೆ! ಫೋನು ಎತ್ತಿ ಗೋಡೆಗೆ ಬಡಿಯುವಷ್ಟು ಸಿಟ್ಟು ಬಂತು. ಆಸ್ಪತ್ರೆಯ ಮ್ಯಾನೇಜರ್ ಹತ್ತಿರ ಹೋದೆ. ಅವರು ತಲೆ ಎತ್ತದೆಯೇ, “ವಾರಂಟಿ ಹೋಗ್ತೈತೆ, ಮುಟ್ಟಬ್ಯಾಡ. ಕಂಬಳಿ ಕೊಡ್ಸಾಣ ಬಿಡು,” ಎಂದರು. ನಾನು ಸುಮ್ಮನೆ ಬಂದೆ. ಈಗ ನೆನೆದರೆ ಅವರಿಬ್ಬರಿಗಿಂತ ಆ ಸುಮ್ಮನೆ ಬಂದವನ ಮೇಲೆಯೇ ನನಗೆ ಹೆಚ್ಚು ಕೋಪ.

ಕಂಬಳಿ ಬರುವ ಮೊದಲೇ ಆಗಬಾರದ್ದು ಆಯಿತು. ಒಂದು ಬೆಳಿಗ್ಗೆ ಅಕ್ಕನ ಮೈ ಗಡಗಡ ನಡುಗಿ, ಸೂಜಿ ಚುಚ್ಚಿದ್ದ ತೋಳು ಅಲುಗಿತು. ಸೂಜಿ ಒಳಗೇ ಸರಿದು ರಕ್ತನಾಳವನ್ನು ಸೀಳಿತು. ನರ್ಸ್ ಕೂಗಿದ್ದು ಕೇಳಿ ನಾನು ಓಡಿಹೋಗುವಷ್ಟರಲ್ಲಿ ತೋಳು ಬದನೆಕಾಯಿಯ ಬಣ್ಣಕ್ಕೆ ತಿರುಗಿ ಊದಿತ್ತು. ಅರ್ಧಕ್ಕೇ ಯಂತ್ರ ನಿಲ್ಲಿಸಿದರು. ಆ ತೋಳು ವಾಸಿಯಾಗುವವರೆಗೆ ಕುತ್ತಿಗೆಗೆ ಕೊಳವೆ ಹಾಕಿ ಡಯಾಲಿಸಿಸ್ ಮಾಡಬೇಕೆಂದು ಡಾಕ್ಟರು ಹೇಳಿ, ಅವರನ್ನು ಮೇಲಿನ ವಾರ್ಡಿಗೆ ಸೇರಿಸಿಕೊಂಡರು.

ಅಂದು ಮಧ್ಯಾಹ್ನವೇ ಏಣಿ ತಂದೆ. ಉಳಿದ ಐವರನ್ನು ಒಬ್ಬೊಬ್ಬರಾಗಿ ಕೇಳಿದೆ: ಗಾಳಿ ಎಲ್ಲಿ ತಾಗುತ್ತದೆ, ಎಲ್ಲಿ ತಾಗಿದರೆ ಹಿತ? ನರ್ಸ್ ಏಣಿ ಹಿಡಿದರು. ಸೆನ್ಸರ್ ಕಿತ್ತು, ನನ್ನ ಚೀಲದಲ್ಲಿದ್ದ ವೈರು ಸೇರಿಸಿ, ಎದುರಿನ ಗೋಡೆಯಲ್ಲಿ ದಿಂಬಿನ ಎತ್ತರಕ್ಕೆ ಹಾಕಿದೆ. ಗಾಳಿ ಬರುವ ಜಾಲರಿಗಳನ್ನು ಹಾಸಿಗೆಯಿಂದಾಚೆಗೆ ತಿರುಗಿಸಿದೆ. ಕೊನೆಯ ಸ್ಕ್ರೂ ತಿರುಗಿಸುತ್ತಿದ್ದಾಗ ಮ್ಯಾನೇಜರ್ ಬಂದರು.

“ಯಾರ್ನ ಕೇಳಿ ಬಿಚ್ಚಿದೆಯಲೇ?”

“ಯಾರ್ನ ಕೇಳ್ಬೇಕಿತ್ತೋ ಅವ್ರನ್ನ ಕೇಳ್ದೆ. ಇಲ್ಲೇ ಮಲಗವ್ರೆ, ಐದು ಜನ. ಇನ್ನೊಬ್ರು ಕೈ ಊದಿಸ್ಕಂಡು ಮ್ಯಾಲಿನ ವಾರ್ಡ್‌ನಾಗೆ ಅವ್ರೆ. ಅವ್ರನ್ನ ನೀವೇ ಹೋಗಿ ಕೇಳ್ರಿ.”

ನನ್ನ ದನಿ ಕಾರಿಡಾರಿನ ಕೊನೆಯವರೆಗೂ ಕೇಳಿಸಿತಂತೆ. ಮರುದಿನ ಕಾರಣ ಕೇಳಿ ನೋಟಿಸ್ ಕೊಟ್ಟರು. ಕಾರಣ ಬರೆಯಬೇಕಾದ ಜಾಗದಲ್ಲಿ ‘ಚಳಿ’ ಎಂದಷ್ಟೇ ಬರೆದು ಸಹಿ ಹಾಕಿದೆ.

ಮೂರನೆಯ ದಿನ ಧೈರ್ಯ ಮಾಡಿ ಅಕ್ಕನ ಹತ್ತಿರ ಹೋದೆ. ನಡೆದದ್ದನ್ನೆಲ್ಲ ಹೇಳಿದೆ. ಸೆನ್ಸರನ್ನು ಅಲ್ಲಿ ಮೊದಲು ಹಾಕಿದವನೂ ನಾನೇ ಎಂದೆ.

“ಅಲ್ಲಿ ಬಿಸಿ ಬರ್ತೈತೆ ಅಂತ ಗೊತ್ತಿತ್ತಾ?”

“ಗೊತ್ತಿತ್ತು.”

ಅವರು ನನ್ನ ಕಡೆ ತಿರುಗಲು ಹೊರಟರು. ಕುತ್ತಿಗೆಯ ಕೊಳವೆಯಿಂದಾಗಿ ತಲೆ ತಿರುಗಿಸುವುದೂ ಅವರಿಗೆ ಕಷ್ಟವಾಗುತ್ತಿತ್ತು. ಆಮೇಲೆ, “ಸಾರಿಗೆ ಉಪ್ಪು ಸರಿ ಐತಾ ಅಂತ ನಾನು ಉಪ್ಪಿನ ಡಬ್ಬಿ ನೋಡ್ತಿರ್ಲಿಲ್ಲ ಕಣಪ್ಪ. ಉಣ್ಣೋ ಮಕ್ಕಳ್ನ ಕೇಳ್ತಿದ್ದೆ,” ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಕೆಲವೇ ದಿನಗಳಲ್ಲಿ ಕಂಪ್ಯೂಟರ್ ಹೊಸ ಜಾಗದ ಲೆಕ್ಕ ಕಲಿಯಿತು. ಕೋಣೆ ಹಿತವಾಯಿತು, ಸುಮ್ಮನೆ ಸುರಿಯುತ್ತಿದ್ದ ತಂಪು ನಿಂತದ್ದರಿಂದ ಕರೆಂಟೂ ಮತ್ತಷ್ಟು ಉಳಿಯಿತು. ನನ್ನ ನೋಟಿಸಿನ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ಎಂಜಿನಿಯರ್ ಬಂದು ಸಭೆಯಲ್ಲಿ ಕರೆಂಟು ಇಳಿದ ಗೆರೆ ತೋರಿಸಿ, ಇದು ನಮ್ಮ ಕಂಪನಿ ಮಾಡಿದ ಸುಧಾರಣೆ ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಹಿಂದೆ ನಿಂತಿದ್ದ ನಾನು, “ಆ ಗೆರೆಯಾಗೆ ಅಕ್ಕನ ಕೈ ಊದಿದ್ದು ಎಲ್ಲೈತೆ ತೋರ್ಸ್ರಿ,” ಎಂದೆ. ಯಾರೂ ತಿರುಗಿ ನೋಡಲಿಲ್ಲ. ಚಹಾ ಬಂತು, ಬಿಸ್ಕತ್ತು ಹಂಚಿದರು.

ಮುಂದಿನ ತಿಂಗಳು, ಮೊದಲ ಸಲ ಬಿಟ್ಟುಹೋಗಿದ್ದ ಹೆರಿಗೆ ವಾರ್ಡಿಗೂ ಅದೇ ವ್ಯವಸ್ಥೆ ಬಂತು. ಮ್ಯಾನೇಜರ್ ನಕ್ಷೆ ಕೊಟ್ಟರು. ಬಾಣಂತಿಯರನ್ನು ಕೇಳಿ ಬರುವವರೆಗೆ ನನ್ನ ಡ್ರಿಲ್ಲು ಚೀಲದಿಂದ ಹೊರಗೆ ಬರುವುದಿಲ್ಲ ಎಂದೆ. ಅವರು ಹಲ್ಲು ಕಚ್ಚಿದರು. ನಾನೂ ಕಚ್ಚಿಕೊಂಡೇ ವಾರ್ಡಿನ ಬಾಗಿಲು ತಳ್ಳಿದೆ.