ಚಿಂಚಿಲ್ಲಾಗೂ ಬಣ್ಣ ಕಡಿಮೆಯಂತೆ!

ಒಂದು ಪ್ರಾಣಿಯ ಎದುರಿಗೇ ಅದರ ಮುಖ ಚೂಪು, ಕಿವಿ ಉದ್ದ, ಬಣ್ಣ ಕಡಿಮೆ ಎಂದು ಹೇಳಿದ ಮನುಷ್ಯನನ್ನು ಈಚೆಗೆ ನೋಡಿದೆ. ಪ್ರಾಣಿ ಬೇಸರ ಮಾಡಿಕೊಳ್ಳಲಿಲ್ಲ. ಎರಡು ಕೈಯಲ್ಲಿ ಒಣದ್ರಾಕ್ಷಿ ಹಿಡಿದು ತಿನ್ನುತ್ತಾ ಕೂತಿತ್ತು. ಬೇಸರವಾದದ್ದು ನನ್ನ ಗೆಳತಿ ವಾಸಂತಿಗೆ.

ವಾಸಂತಿಯ ಗಂಡ ಸದಾನಂದ ಜನಕಪುರಿಯಲ್ಲಿ ಹೋಟೆಲು ನಡೆಸುತ್ತಾರೆ. ಊರು ಉಡುಪಿ ಕಡೆ. (ಅವರ ಸಾಂಬಾರನ್ನು ದಿಲ್ಲಿಯ ಜನ ಸೂಪ್ ಎಂದುಕೊಂಡು ಬಟ್ಟಲೆತ್ತಿ ಕುಡಿಯುತ್ತಾರೆ. ಅವರು ತಿದ್ದಲು ಹೋಗುವುದಿಲ್ಲ.) ಒಬ್ಬಳೇ ಮಗಳು ಅಕ್ಷತಾ, ಗುಡಗಾಂವ್‌ನ ಕಂಪನಿಯೊಂದರಲ್ಲಿ ಕೆಲಸ. ಆಫೀಸಿನಲ್ಲಿ ಯಾರದೋ ಕಂಪ್ಯೂಟರಿನಲ್ಲಿ ಚಿಂಚಿಲ್ಲಾದ ಫೋಟೋ ನೋಡಿದ್ದೇ ತಡ, ತನಗೂ ಒಂದು ಬೇಕು ಎಂದು ಹಟ ಹಿಡಿದಳು.

ಚಿಂಚಿಲ್ಲಾ ಅಂದರೇನು? ನಾನೂ ಕೇಳಿದೆ. ಇಲಿಗಿಂತ ದೊಡ್ಡದು, ಮೊಲಕ್ಕಿಂತ ಚಿಕ್ಕದು. ಬೂದು ಬಣ್ಣದ ಉಂಡೆಗೆ ಅಳಿಲಿನ ಬಾಲ ಅಂಟಿಸಿದಂತೆ. ದಕ್ಷಿಣ ಅಮೆರಿಕದ ತಣ್ಣನೆಯ ಬೆಟ್ಟಗಳ ಜೀವಿ. ನೀರಿನಲ್ಲಿ ಸ್ನಾನ ಮಾಡುವುದಿಲ್ಲ, ನುಣ್ಣನೆಯ ಧೂಳಿನಲ್ಲಿ ಹೊರಳಾಡಿ ಎದ್ದರೆ ಅದೇ ಸ್ನಾನ. (ಆ ಮಟ್ಟಿಗೆ ಬೇಸಿಗೆಯ ದಿಲ್ಲಿ ಅದಕ್ಕೆ ಹೇಳಿ ಮಾಡಿಸಿದ ಊರು.) ಆದರೆ ಸೆಖೆ ಮಾತ್ರ ತಡೆಯದು. ಹಗಲೂ ರಾತ್ರಿ ಏಸಿ ಬೇಕು.

"ಇಪ್ಪತ್ತು ವರ್ಷ ದೋಸೆ ಕಾವಲಿ ಎದುರು ನಿಂತೆ, ನನಗೆ ಯಾರೂ ಏಸಿ ಹಾಕ್ಲಿಲ್ಲ. ಇಲಿಗೆ ಏಸಿಯಾ ಮಾರಾಯ್ರೆ!" ಎಂದರು ಸದಾನಂದ. ಆದರೂ ಹಾಲ್‌ಗೆ ಏಸಿ ಬಂತು. ಮಗಳ ಮಾತು ಮೀರುವ ಗಂಡಸು ಅವರಲ್ಲ.

ಹೀಗೆ ಏಪ್ರಿಲ್‌ನ ಒಂದು ಭಾನುವಾರ ವಾಸಂತಿ, ಅಕ್ಷತಾ ಮತ್ತು ನಾನು ಗುಡಗಾಂವ್‌ಗೆ ಹೋದೆವು. ನಾನಿರುವುದು ಆರ್.ಕೆ.ಪುರಂನಲ್ಲಿ. ದಾರಿಯಲ್ಲೇ ಸಿಗುತ್ತೀಯ ಎಂದು ಕಾರಿಗೆ ಹತ್ತಿಸಿಕೊಂಡರು. ಚಿಂಚಿಲ್ಲಾ ಸಾಕಿ ಮಾರುವವರು ಖನ್ನಾಜಿ ಎಂಬ ದೊಡ್ಡ ಹೊಟ್ಟೆಯ ಸಜ್ಜನರು. ಮನೆಯ ಹಿಂದೆ ತಂಪಾದ ದೊಡ್ಡ ಕೋಣೆ, ಸಾಲು ಸಾಲು ಪಂಜರ.

ಮೊದಲ ಪಂಜರದಲ್ಲಿ ಒಂದು ದುಂಡು ಮೂತಿಯ, ನೀಲಿ ಮಿಶ್ರಿತ ಬೂದು ಬಣ್ಣದ ಮಹಾಶಯ ಕೂತಿದ್ದ. ಅಕ್ಷತಾ ಕೈ ಚಾಚಿದಳು.

"ನಹೀ ನಹೀ, ಬೇಟಾ! ಅದು ಶೋ ಕ್ವಾಲಿಟಿ. ಮುಟ್ಟಬಾರದು, ತುಪ್ಪಳ ಹಾಳಾಗುತ್ತೆ."

"ಮತ್ತೆ ಅದರ ಜೊತೆ ಯಾರು ಆಡ್ತಾರೆ, ಅಂಕಲ್?"

"ಆಡೋದಾ? ಅದು ಶೋಗೆ ಹೋಗುತ್ತೆ, ಜಡ್ಜ್ ನೋಡ್ತಾರೆ, ವಾಪಸ್ ಬರುತ್ತೆ."

ಎಂಥ ಭಾಗ್ಯ! ಸುಂದರವಾಗಿ ಹುಟ್ಟಿದ ತಪ್ಪಿಗೆ ಒಂಟಿ ಕೋಣೆಯ ಸಜೆ.

ಕೊನೆಯ ಪಂಜರದಿಂದ ಒಂದು ಪುಟ್ಟ ಪ್ರಾಣಿ ತಾನಾಗಿಯೇ ಬಂದು ಅಕ್ಷತಾಳ ಬೆರಳನ್ನು ಮೂಸಿತು. ಅವಳು ಅಲ್ಲೇ ಕರಗಿಹೋದಳು. ಖನ್ನಾಜಿ ಅದನ್ನು ಎತ್ತಿ ಕಿಟಕಿಯ ಹತ್ತಿರ ಒಯ್ದರು. "ಟ್ಯೂಬ್‌ಲೈಟ್ ಮೋಸ ಮಾಡುತ್ತೆ, ಬೆಹೆನ್‌ಜಿ. ಬಣ್ಣ ನೋಡಬೇಕಾದ್ದು ಸೂರ್ಯನ ಬೆಳಕಲ್ಲಿ" ಎಂದು ತುಪ್ಪಳಕ್ಕೆ ಉಫ್ ಎಂದು ಊದಿದರು. "ಇಲ್ಲಿ ನೋಡಿ, ಹಳದಿ ಛಾಯೆ ಇದೆ. ಮುಖ ಚೂಪು. ಕಿವಿ ಉದ್ದ. ಇದು ಪೆಟ್ ಕ್ವಾಲಿಟಿ, ಶೋಗೆ ಆಗಲ್ಲ, ಮನೇಲಿ ಸಾಕೋಕೆ ಅಷ್ಟೇ. ಸ್ವಭಾವ ಮಾತ್ರ ಬಹಳ ಒಳ್ಳೇದು."

ಖನ್ನಾಜಿಯ ಹಲ್ಲುಗಳಲ್ಲೂ ಗುಟ್ಕಾದ ದಟ್ಟ ಛಾಯೆ ಇತ್ತು. ಅವರನ್ನು ಯಾರೂ ಕಿಟಕಿಯ ಹತ್ತಿರ ಒಯ್ಯಲಿಲ್ಲ.

ವಾಸಂತಿಗೆ ಸಿಟ್ಟು ಬಂತು. ನನ್ನ ಕಿವಿಯಲ್ಲಿ ಕನ್ನಡದಲ್ಲಿ ಹೇಳಿದಳು: "ಎಂತ ಜನ ಮಾರಾಯ್ತಿ! ಪಾಪದ ಪ್ರಾಣಿ, ಅದಕ್ಕೆ ಎಂತ ಕಡಿಮೆಯಾಗಿದೆ? ಕಣ್ಣು ನೋಡು ಎಷ್ಟು ಚಂದ ಉಂಟು!"

ಪೆಟ್ ಕ್ವಾಲಿಟಿಯನ್ನೇ ಮನೆಗೆ ತಂದರು. ಹೋಟೆಲಿನವರ ಮಗಳಲ್ಲವೇ, ಅಕ್ಷತಾ ಅದಕ್ಕೆ ಬೋಂಡಾ ಎಂದು ಹೆಸರಿಟ್ಟಳು. ವಾರದೊಳಗೆ ಬೋಂಡಾ ಸದಾನಂದರ ಹೆಗಲೇರಿ ಟೀವಿ ನೋಡತೊಡಗಿತು.

ಇಷ್ಟೇ ಆಗಿದ್ದರೆ ನಾನು ಈ ವಾರ ತರಕಾರಿ ರೇಟಿನ ಬಗ್ಗೆ ಬರೆಯುತ್ತಿದ್ದೆ.

ಮೇ ತಿಂಗಳಲ್ಲಿ ಅಕ್ಷತಾಳನ್ನು ನೋಡಲು ನೋಯ್ಡಾದಿಂದ ಒಂದು ಗಂಡಿನ ಕಡೆಯವರು ಬಂದರು. ಅವರೂ ಉಡುಪಿ ಕಡೆಯವರೇ, ದಿಲ್ಲಿಯಲ್ಲೇ ನೆಲೆಸಿದವರು. ಹುಡುಗ ನಿತಿನ್, ಅವನ ಅಪ್ಪ, ಅಮ್ಮ. ಇದಕ್ಕೆ ಮೊದಲು ಎರಡು ಕಡೆಯವರು ಫೋಟೋ ನೋಡಿಯೇ ಸುಮ್ಮನಾಗಿದ್ದರು. ಅಕ್ಷತಾಳದು ಅಪ್ಪನ ಬಣ್ಣ. ಹೊಳೆಯುವ ಕಪ್ಪು. ಹಾಗಾಗಿ ಮೂರನೆಯ ಸಲಕ್ಕೆ ವಾಸಂತಿ ಸ್ಟುಡಿಯೋದವನಿಗೆ ಹೇಳಿ ಫೋಟೋವನ್ನು ಕಂಪ್ಯೂಟರಿನಲ್ಲಿ 'ಸ್ವಲ್ಪ ಲೈಟ್' ಮಾಡಿಸಿದ್ದಳು. ಅವನೋ ಉದಾರಿ. ಸ್ವಲ್ಪ ಅಂದರೆ ಕಾಶ್ಮೀರದವರೆಗೂ ಒಯ್ದಿದ್ದ. (ಹೌದು, ಬೋಂಡಾದ ಪರವಾಗಿ ಸಿಟ್ಟಾದ ಅದೇ ವಾಸಂತಿ.)

ಬಲಕ್ಕೆ ಒಬ್ಬರು ಇರಲಿ ಎಂದು ನನ್ನನ್ನೂ ಕರೆದಿದ್ದರು. ಮಧ್ಯಾಹ್ನ ನಾಲ್ಕು ಗಂಟೆ. ಹೊರಗೆ ಲೂ ಎಂಬ ಬಿಸಿಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಒಳಗೆ ಬೋಂಡಾದ ಕೃಪೆಯಿಂದ ಎಲ್ಲರೂ ತಂಪಾಗಿ ಕೂತು ಗೋಳಿಬಜೆ ತಿಂದೆವು. ನೋಯ್ಡಾದ ಆಂಟಿ ಒಮ್ಮೆ ಅಕ್ಷತಾಳ ಮುಖ ನೋಡಿದರು, ಒಮ್ಮೆ ಮೇಲಿನ ಟ್ಯೂಬ್‌ಲೈಟ್ ನೋಡಿದರು. ಆಮೇಲೆ ಎದ್ದು ನಿಂತರು.

"ಬಾ ಮಗಾ, ಬಾಲ್ಕನಿಯಲ್ಲಿ ಸ್ವಲ್ಪ ಗಾಳಿ ತಗೊಳ್ಳುವ."

ಗಾಳಿ! ಹಕ್ಕಿಗಳೂ ಮರದೊಳಗೆ ಅಡಗಿ ಕೂರುವ ಹೊತ್ತಿನಲ್ಲಿ, ಏಸಿ ಕೋಣೆ ಬಿಟ್ಟು!

ಅಕ್ಷತಾ ಎದ್ದಳು. ಬಾಗಿಲ ಬಳಿ ತಿರುಗಿ ನನ್ನನ್ನು ನೋಡಿದಳು. ಅವಳಿಗೆ ಅರ್ಥವಾಗಿತ್ತು. ಗಾಜಿನ ಬಾಗಿಲಿನಾಚೆ ಆಂಟಿ ಅವಳ ಗಲ್ಲ ಹಿಡಿದು ಮುಖವನ್ನು ಬಿಸಿಲಿಗೆ ತಿರುಗಿಸಿದ್ದು ನಮಗೆಲ್ಲ ಕಂಡಿತು. ಮುಂಗೈ ತಿರುಗಿಸಿ ನೋಡಿದ್ದೂ ಕಂಡಿತು. ಊದಲಿಲ್ಲ, ಅಷ್ಟು ಪುಣ್ಯ. ಹಾಲ್‌ನಲ್ಲಿ ಸದಾನಂದ ಗೋಳಿಬಜೆಯ ತಟ್ಟೆಯನ್ನೇ ನೋಡುತ್ತಾ ಕೂತಿದ್ದರು. ಹುಡುಗನ ಅಪ್ಪ ಮೆಟ್ರೋ ಬಗ್ಗೆ ಮಾತಾಡುತ್ತಲೇ ಇದ್ದರು.

ಮೂರು ದಿನ ಬಿಟ್ಟು ನೋಯ್ಡಾದ ಆಂಟಿಯ ಫೋನ್ ಬಂತು. ವಾಸಂತಿ ಫೋನನ್ನು ಕಿವಿಗೊತ್ತಿ ಕೇಳಿದಳಂತೆ. "ಹುಡುಗಿ ಸ್ವಭಾವ ಬಹಳ ಒಳ್ಳೆದು. ಬಣ್ಣ ಫೋಟೋದಲ್ಲಿ ಇದ್ದ ಹಾಗೆ ಇಲ್ಲ. ಆದರೂ ಅಡ್ಡಿಲ್ಲ, ನಾವು ಅಡ್ಜಸ್ಟ್ ಮಾಡಿಕೊಳ್ತೇವೆ."

ಒಪ್ಪಿಗೆ! ವಾಸಂತಿ ದೇವರ ಮುಂದೆ ತುಪ್ಪದ ದೀಪ ಹಚ್ಚಿದಳು. ಅಕ್ಷತಾ ಮಾತ್ರ, "ಮಮ್ಮಿ, ಅವರು ಪೆಟ್ ಕ್ವಾಲಿಟಿ ಅಂದ್ರು ಅಷ್ಟೇ. ಆಪ್ ಸಮಝೀ ನಹೀ? ಗೊತ್ತಾಗ್ಲಿಲ್ವಾ?" ಎಂದಳು.

"ಹುಡುಗ ಹೇಳಿದ್ದಲ್ಲವಲ್ಲ, ಅವನ ತಾಯಿ ಹೇಳಿದ್ದು" ಎಂದಳು ವಾಸಂತಿ. ಸರಿ, ಹುಡುಗನನ್ನೇ ಕೇಳೋಣ ಎಂದು ಅಕ್ಷತಾ ಅವನನ್ನು ಕಾಫಿಗೆ ಕರೆದಳು. ಅಲ್ಲಿ ನಡೆದದ್ದನ್ನು ಆಮೇಲೆ ಅವಳೇ ನನಗೆ ಹೇಳಿದಳು.

"ನಿಮ್ಮಮ್ಮ ನನ್ನನ್ನ ಬಾಲ್ಕನಿಗೆ ಯಾಕೆ ಕರ್ಕೊಂಡು ಹೋದ್ರು, ಗೊತ್ತಾ?"

ಅವನು ನಕ್ಕನಂತೆ. "ಅರೇ, ಮಮ್ಮಿ ಎಲ್ಲ ಮನೇಲೂ ಹಾಗೇ ಮಾಡ್ತಾರೆ. ಡೋಂಟ್ ಮೈಂಡ್. ನಂಗೆ ಕಲರ್ ಇಶ್ಯೂ ಅಲ್ಲ. ಐ ಆಮ್ ಓಕೆ ವಿತ್ ಇಟ್."

ಕೆಟ್ಟ ಹುಡುಗನಲ್ಲ, ನೋಡಿ. ದೊಡ್ಡ ಮನಸ್ಸಿನವನು. ಅವಳ ಚರ್ಮವನ್ನು ಕ್ಷಮಿಸಿದ್ದ.

"ಎಲ್ಲ ಮನೇಲೂ ಅಂದ್ರೆ, ನೀವು ಒಳಗೆ ಕೂತಿರ್ತೀರಾ?" ಎಂದು ಕೇಳಿದಳಂತೆ. ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅಕ್ಷತಾ ಕಾಫಿ ಮುಗಿಸಿ, "ಐ ಆಮ್ ನಾಟ್ ಓಕೆ" ಎಂದು ಹೇಳಿ ಎದ್ದು ಬಂದಳು.

ಮರುದಿನ ವಾಸಂತಿ ನನ್ನನ್ನು ಕರೆಸಿದಳು. ಮಗಳಿಗೆ ಬುದ್ಧಿ ಹೇಳು ಎಂದಳು. ನಾನು ಹೇಳಲಿಲ್ಲ. ಇಷ್ಟರಲ್ಲಿ ನೋಯ್ಡಾದ ಫೋನೇ ಬಂತು. ಆಂಟಿಯ ದನಿ ದೊಡ್ಡದು, ಪಕ್ಕದಲ್ಲಿದ್ದ ನನಗೂ ಕೇಳುತ್ತಿತ್ತು.

"ಎಂತ ವಾಸಂತಿ, ನಿಮ್ಮ ಮಗಳು ಬೇಡ ಅಂದಳಂತೆ? ನಾವು ಒಪ್ಪಿದ ಮೇಲೂ! ಈ ಬಣ್ಣ ಇಟ್ಟುಕೊಂಡು ಇಷ್ಟು ಜಂಬವಾ?"

ವಾಸಂತಿಯ ಬಾಯಲ್ಲಿ ಕ್ಷಮಾಪಣೆ ಸಿದ್ಧವಾಗಿತ್ತು, ನನಗೆ ಗೊತ್ತು. ಆದರೆ ಎದುರಿಗೆ ಮಗಳು ನಿಂತಿದ್ದಳು. ಆ ದನಿ ಅವಳಿಗೂ ಕೇಳಿಸಿತ್ತು. ಬಾಲ್ಕನಿಯಲ್ಲಿ ಬಿಸಿಲಿಗೆ ಮುಖ ಕೊಟ್ಟು ನಿಂತಾಗಲೂ ತಣ್ಣಗಿದ್ದ ಹುಡುಗಿಯ ಕಣ್ಣು ಈಗ ತುಂಬಿತ್ತು.

"ಅಕ್ಕ," ಎಂದಳು ವಾಸಂತಿ, "ಅವಳು ಬೇಡ ಅಂದಾಗ ನನಗೆ ಬೇಜಾರಾಗಿತ್ತು. ಈಗ ಇಲ್ಲ. ನೀವು ಅಡ್ಜಸ್ಟ್ ಮಾಡಿಕೊಳ್ಳುವುದು ಬೇಡ. ನನ್ನ ಮಗಳನ್ನು ಯಾರೂ ಅಡ್ಜಸ್ಟ್ ಮಾಡಿಕೊಳ್ಳುವುದು ಬೇಡ." ಫೋನ್ ಇಟ್ಟಳು.

ಸಿನಿಮಾ ಆಗಿದ್ದರೆ ಇಲ್ಲಿಗೆ ಸಂಗೀತ ಶುರುವಾಗಬೇಕಿತ್ತು. ವಾಸಂತಿ ಸೋಫಾದಲ್ಲಿ ಕುಸಿದು ಹೋ ಎಂದು ಅತ್ತಳು. "ಇನ್ನು ಯಾರು ಬರ್ತಾರೆ ಮಾರಾಯ್ತಿ? ಜಂಬದ ಹುಡುಗಿ ಅಂತ ದಿಲ್ಲಿಯೆಲ್ಲ ಹೇಳಿಕೊಂಡು ಬರ್ತಾರೆ." ಹೋಟೆಲಿನಿಂದ ಊಟಕ್ಕೆ ಬಂದ ಸದಾನಂದ ವಿಷಯ ಕೇಳಿ, ಚಪ್ಪಲಿ ಬಿಡುತ್ತಾ, "ಯಾರೂ ಬಾರದಿದ್ರೆ ಊಟ ನಾವು ನಾವೇ ಮಾಡುವ. ಬಡಿಸು" ಎಂದರು. ಅಕ್ಷತಾ ಅಮ್ಮನ ಪಕ್ಕ ಕೂತು ಅವಳ ಭುಜಕ್ಕೆ ತಲೆ ಇಟ್ಟಳು. ಇಬ್ಬರೂ ಬಹಳ ಹೊತ್ತು ಹಾಗೇ ಕೂತಿದ್ದರು. ಬಡಿಸಿದ್ದು ನಾನು.

ಮರುವಾರ ವಾಸಂತಿ ಸ್ಟುಡಿಯೋಗೆ ಹೋಗಿ ಆ ಕಾಶ್ಮೀರದ ಫೋಟೋ ಅಳಿಸಿಹಾಕಿಸಿದಳು. ಮಗಳು ಇರುವ ಹಾಗೇ ಹೊಸದು ತೆಗೆಸಿದಳು. "ಬಂದವರು ಇದನ್ನು ನೋಡಿಯೇ ಬರಲಿ" ಎಂದಳು. ನಾನು ಬೆನ್ನು ತಟ್ಟಿದೆ. ಜಗತ್ತು ಬದಲಾಗುತ್ತಿದೆ ಎಂದು ಬರೆಯಲು ಪೆನ್ನನ್ನೂ ತೆಗೆದಿದ್ದೆ.

ನಿನ್ನೆ ಅವಳೇ ಫೋನ್ ಮಾಡಿದ್ದಳು. ಆ ಫೋಟೋ ನೋಡಿ ಫರೀದಾಬಾದಿನಿಂದ ಒಂದು ಕಡೆಯವರು ಒಪ್ಪಿ, ಈ ಭಾನುವಾರ ಬರುತ್ತಾರಂತೆ. ಒಳ್ಳೆಯ ಜನರಂತೆ. ನನ್ನನ್ನೂ ಕರೆದಳು. ಎಷ್ಟು ಹೊತ್ತಿಗೆ ಬರಲಿ ಎಂದು ಕೇಳಿದೆ.

"ಎಂಟು ಗಂಟೆಗೆ ಬಾ ಮಾರಾಯ್ತಿ," ಎಂದಳು ವಾಸಂತಿ. "ಸೂರ್ಯ ಮುಳುಗಿದ ಮೇಲೆಯೇ ಬನ್ನಿ ಅಂತ ಅವರಿಗೂ ಹೇಳಿದ್ದೇನೆ."